ಪ್ಲಾಸ್ಟರ್ ಪಟ್ಟಿಯ ಸಾಕ್ಷಿ

ಹನ್ನೆರಡನೇ ತಾರೀಕು ಬೆಳಿಗ್ಗೆ ಹತ್ತೂವರೆಗೆ ಬಡಗಿಯೊಬ್ಬ ಠಾಣೆಗೆ ದೂರು ತಂದ. ಮೂರು ದಿನದ ಹಿಂದೆ ಅವನ ಹೆಂಡತಿಗೆ ಹೆರಿಗೆ ನೋವಿನ ಕೊನೆಯ ಘಟ್ಟದಲ್ಲಿ ಸಿಸೇರಿಯನ್ ಆಗಿತ್ತು. ಗರ್ಭಕೋಶ ಹರಿದು ವಿಪರೀತ ರಕ್ತ ಹೋಗಿತ್ತು, ಮಗು ಆಮ್ಲಜನಕದ ಮೇಲಿತ್ತು.

"ತಡ ಮಾಡಿದ್ದು ಡಾಕ್ಟ್ರು, ಮೇಡಂ. ಇವಳು ನೋವು ಬಂದಾಗ ಸರಿಯಾಗಿ ಮುಕ್ಕಲಿಲ್ಲ ಅಂತ ಬರೆದಿದಾರೆ. ತಪ್ಪು ತನ್ನದೇ ಅಂದ್ಕೊಂಡು ಮಗು ಮುಖಾನೂ ನೋಡ್ತಿಲ್ಲ ಅವಳು."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಠಾಣೆಯವರೆಲ್ಲ ಭೂತಗನ್ನಡಿ ಎಂದು ರೇಗಿಸುವ ಕಾನ್‌ಸ್ಟೇಬಲ್ ಜೊತೆ ಆಸ್ಪತ್ರೆಗೆ ಹೊರಟರು. ಅಲ್ಲಿ ಹೆರಿಗೆ ಚಾರ್ಟು ಅಚ್ಚುಕಟ್ಟಾಗಿತ್ತು. ಅರ್ಧರ್ಧ ಗಂಟೆಗೆ ಮಗುವಿನ ಎದೆಬಡಿತ, ಮೂರೂವರೆಯವರೆಗೂ, ಎಲ್ಲಾ ಒಂದೇ ಶಾಯಿಯಲ್ಲಿ. ಭೂತಗನ್ನಡಿ ಆಪರೇಷನ್ ಥಿಯೇಟರಿನ ರಿಜಿಸ್ಟರನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿದ.

"ಮೂರು ಹತ್ತಕ್ಕೆ ಥಿಯೇಟರಿಗೆ ಹೋದವಳ ಮಗು ಎದೆಬಡಿತಾನ ಮೂರೂವರೆಗೆ ಹೆರಿಗೆ ಕೋಣೇಲಿ ಯಾರು ನೋಡಿದ್ರು, ಸಿಸ್ಟರ್?"

ಆ ಹೆರಿಗೆಗೆ ಇದ್ದ ನರ್ಸ್ ಚಾರ್ಟನ್ನು ದೂರ ಸರಿಸಿದಳು. "ಇದು ನಾನು ಬರೆದಿದ್ದಲ್ಲ."

"ಕೈ ಬಿಡುವಿಲ್ಲದಾಗ ಎಲ್ಲಿ ಬರ್ಕೋತೀರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಗಾಯಕ್ಕೆ ಅಂಟಿಸೋ ಪ್ಲಾಸ್ಟರ್ ತುಂಡಿನ ಮೇಲೆ. ಆಮೇಲೆ ಚಾರ್ಟಿಗೆ ಇಳಿಸ್ತೀವಿ. ನಾನು ಬರೆದ ಚಾರ್ಟ್ ಹರಿದು ಡಾಕ್ಟ್ರೇ ಹೊಸದು ಬರೆದ್ರು."

ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ಅವಳು ತಿರುಗಿಸಿದಳು. ಹಿಂದೆ ಆ ದಿನದ ಪ್ಲಾಸ್ಟರ್ ಪಟ್ಟಿ ಅಂಟಿಕೊಂಡಿತ್ತು. "ಎಸೆಯೋಕೆ ಮನಸ್ಸು ಬರ್ಲಿಲ್ಲ. ಹೇಳೋಕೆ ಧೈರ್ಯ ಬರ್ಲಿಲ್ಲ."

ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಪಂಚರ ಮುಂದೆ ಪಂಚನಾಮೆ ಆಯಿತು. ಪಟ್ಟಿಯಲ್ಲಿದ್ದದ್ದು ಇಷ್ಟು: ಹನ್ನೊಂದು ಗಂಟೆ, ಗರ್ಭಕೋಶದ ಬಾಯಿ ಪೂರ್ತಿ ತೆರೆದಿದೆ. ಹನ್ನೆರಡು, ಚೆನ್ನಾಗಿ ಮುಕ್ಕುತ್ತಿದ್ದಾಳೆ. ಒಂದು, ಚೆನ್ನಾಗಿ ಮುಕ್ಕುತ್ತಿದ್ದಾಳೆ, ಮಗು ಇಳಿದಿಲ್ಲ, ಡಾಕ್ಟರಿಗೆ ತಿಳಿಸಿದೆ. ಎರಡೂವರೆ, ಎದೆಬಡಿತ ಇಳಿಯುತ್ತಿದೆ, ಮತ್ತೆ ತಿಳಿಸಿದೆ.

ಇನ್ಸ್‌ಪೆಕ್ಟರ್ ಪಟ್ಟಿಯನ್ನು ಡಾಕ್ಟರ ಮುಂದಿಟ್ಟರು.

"ಯಾಕೆ ಕಾದ್ರಿ?"

"ಎರಡು ವರ್ಷದ ಹಿಂದೆ, ಸುಮ್ಮನೆ ಹೊಟ್ಟೆ ಕೊಯ್ದೆ ಅಂತ ಒಂದು ಮನೆಯವರು ಎಲ್ಲರೆದುರು ನನ್ನ ಮಾನ ಕಳೆದ್ರು. ಆಮೇಲಿಂದ, ಇನ್ನರ್ಧ ಗಂಟೆ ನೋಡೋಣ ಅನ್ನೋದೇ ಅಭ್ಯಾಸವಾಯ್ತು."

"ಕಾದಿದ್ದು ಹೆದರಿ. ಸುಳ್ಳು ಬರೆದಿದ್ದು?"

"ಅದೂ ಹೆದರಿಯೇ."

ತಡದ ವಿಚಾರ ವೈದ್ಯರ ಸಮಿತಿಗೆ ಹೋಯಿತು. ದಾಖಲೆ ತಿದ್ದಿದ್ದಕ್ಕೆ ಸಂಜೆ ಐದಕ್ಕೆ ಡಾಕ್ಟರನ್ನು ಬಂಧಿಸಲಾಯಿತು. ದುಷ್ಟನನ್ನು ಹಿಡಿದ ಸಮಾಧಾನ ಇನ್ಸ್‌ಪೆಕ್ಟರಿಗೆ ಸಿಗಲಿಲ್ಲ, ಅಯ್ಯೋ ಅನ್ನಿಸಿತು.

ಠಾಣೆಗೆ ಮರಳುವ ಮೊದಲು ಅವರು ಬಾಣಂತಿಯರ ವಾರ್ಡಿಗೆ ಹೋಗಿ ಪಟ್ಟಿಯ ಫೋಟೋ ತೋರಿಸಿದರು. ಬಡಗಿಯ ಹೆಂಡತಿ ಬೆರಳಿಟ್ಟು ಓದಿದಳು.

"ಚೆನ್ನಾಗಿ ಅಂತಾನೇ ಬರೆದಿದಾರಾ?"

"ಎರಡು ಸಲ ಬರೆದಿದಾರಮ್ಮ. ನಿಮ್ಮದೇನೂ ತಪ್ಪಿಲ್ಲ. ಮಗೂಗೆ ಹಾಕಿದ್ದ ಆಮ್ಲಜನಕಾನೂ ಇವತ್ತು ತೆಗೆದ್ರಂತೆ."

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಹೊಲಿಗೆಯ ಮೇಲೆ ಕೈಯೊತ್ತಿಕೊಂಡು ಪಕ್ಕದಲ್ಲಿದ್ದ ಗಂಡನ ಹೆಗಲು ಹಿಡಿದಳು.

"ರೀ, ಮಗು ಎಲ್ಲಿದೆ? ಕರ್ಕೊಂಡು ಹೋಗಿ."