ಬನ್ನಿ ಎಲೆಯಲ್ಲಿ ಬಂಗಾರ

“ಬಂತು! ಬಂಗಾರ ಬಂತು!”

ಧನಶ್ರೀ ಕುರ್ಚಿಯಿಂದ ಜಿಗಿದಳು. ಕಂಪ್ಯೂಟರಿನ ಪರದೆಯ ಮೇಲೆ ಪುಟ್ಟ ಪುಟ್ಟ ಗುಡ್ಡಗಳು ಎದ್ದಿದ್ದವು. ಅದರಲ್ಲೊಂದು, ಗಿರಿಧರ ಕಾಕಾ ‘ಬಂಗಾರ’ ಎಂದು ಗುರುತು ಹಾಕಿದ ಗೆರೆಯ ಮೇಲೇ ಕೂತಿತ್ತು.

ಯಂತ್ರದೊಳಗಿದ್ದದ್ದು ಅಜ್ಜಿಯ ಬಳೆ. ತೀರಿಹೋದ ಅಜ್ಜ ಮೊದಲ ಪಗಾರದಲ್ಲಿ ತಂದುಕೊಟ್ಟದ್ದು. ದೊಡ್ಡವಳಾದ ಮೇಲೆ ಅದು ಧನಶ್ರೀಗೇ ಎಂದು ಅಜ್ಜಿ ಹೇಳಿದ್ದಳು. ಆದರೆ ನಿನ್ನೆ ಅಣ್ಣ ವಿಜಯೇಂದ್ರ, “ಅದು ಹಿತ್ತಾಳಿ ಅದ, ಪಾಗಲ್!” ಎಂದು ನಕ್ಕುಬಿಟ್ಟಿದ್ದ. ಧನಶ್ರೀಗೆ ಮೈಯೆಲ್ಲ ಉರಿದುಹೋಗಿತ್ತು. ಇವತ್ತು ಅಜ್ಜಿಯ ಹತ್ತಿರ ಹಟ ಮಾಡಿ ಬಳೆ ಇಸಿದುಕೊಂಡಿದ್ದಳು. “ಜಲ್ದಿ ತಂದುಕೊಡು, ಹಬ್ಬಕ್ಕ ತೊಳೀಬೇಕು” ಎಂದಿದ್ದಳು ಅಜ್ಜಿ.

ಕಾಕಾ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ. ರಜೆ ಬಂತೆಂದರೆ ಮನೆಯ ಹಿಂದಿನ ಖೋಲಿಯೇ ಅವನ ಲ್ಯಾಬ್. ಅಲ್ಲಿ ‘ಸೋರ್ಸ್’ ಎಂಬ, ಅಂಗಿಯ ಗುಂಡಿಯಷ್ಟು ಪುಟ್ಟ ಸಾಮಾನು ಇತ್ತು. ಅದನ್ನು ಕಾಕಾ ಒಬ್ಬನೇ ಮುಟ್ಟಬೇಕು. ಅದರ ಎಕ್ಸ್-ರೇ ಬಿದ್ದರೆ ಸಾಕು, ತಾಮ್ರ, ಸತು, ಬಂಗಾರ ಎಲ್ಲವೂ ಪರದೆಯ ಮೇಲೆ ತಂತಮ್ಮ ಜಾಗದಲ್ಲಿ ಗುಡ್ಡ ಎಬ್ಬಿಸುತ್ತಿದ್ದವು.

ಧನಶ್ರೀ ಖುಷಿಯಲ್ಲಿ ಕಾಕಾನ ಕೈಗೆ ಬನ್ನಿ ಎಲೆ ಕೊಟ್ಟಳು. “ದಸರಾದ ಬಂಗಾರ! ಇದನ್ನೂ ಟೆಸ್ಟ್ ಮಾಡು ಕಾಕಾ!”

ಕಾಕಾ ನಗುತ್ತ ಬಳೆ ತೆಗೆದು ಎಲೆ ಇಟ್ಟ.

ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಗುಡ್ಡ ಎದ್ದಿತು. ಅದೇ ಗೆರೆ. ಬಂಗಾರ!

ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು.

“ಎಲಿಯೊಳಗ ಬಂಗಾರ ಹ್ಯಾಂಗ ಬಂತು?” ಎಂದಳು ಧನಶ್ರೀ.

ಕಾಕಾ ಮೇಜಿನ ಕಡೆ ನೋಡಿದವನೇ ಹಣೆ ಹಣೆ ಬಡಿದುಕೊಂಡ. ತವರದ ತೆಳು ತಗಡೊಂದು ಅಲ್ಲೇ ಬಿದ್ದಿತ್ತು. “ಫಿಲ್ಟರ್ ಹಾಕೇ ಇಲ್ಲಲ್ಲ ನಾನು! ಈ ಸೋರ್ಸ್ ಇರೋದೇ ಬಂಗಾರದ ಹಾಳಿಯೊಳಗ. ಅದರ ಬಂಗಾರನೇ ಎಲ್ಲಾದರಾಗೂ ಕಾಣಸ್ತದ. ಈ ತಗಡು ಮುಂದಿಟ್ಟರ ಅದನ್ನ ತಡೀತದ.”

ತಗಡು ಇಟ್ಟ. ಎಲೆಯ ಬಂಗಾರ ಮಾಯವಾಯಿತು.

ಧನಶ್ರೀ ಬಳೆಯ ಕಡೆ ತಿರುಗಿದಳು. “ಹಂಗಾದ್ರ... ಬಳಿ?”

ಕಾಕಾ ಎಲೆ ತೆಗೆದು ಅವಳ ಕೈಗೆ ಕೊಟ್ಟು, ಬಳೆ ಇಟ್ಟ. ತಾಮ್ರದ ಗುಡ್ಡ ಎದ್ದಿತು. ಪಕ್ಕದಲ್ಲೇ ಸತುವಿನದು. ಬಂಗಾರದ ಗೆರೆಯ ಮೇಲೆ ಏನೂ ಇರಲಿಲ್ಲ. ತಾಮ್ರ, ಸತು ಕೂಡಿದರೆ ಹಿತ್ತಾಳೆ!

ಕಾಕಾನ ಮುಖ ಬಿಳಿಚಿಕೊಂಡಿತ್ತು. “ನನಗೂ ಗೊತ್ತಿರಲಿಲ್ಲ” ಎಂದು ಪಿಸುಗುಟ್ಟಿದ. “ಅಜ್ಜಿಗ ಹೇಳಬ್ಯಾಡ. ಭಾಳ ನೊಂದುಕೋತಾಳ.”

ಅಷ್ಟರಲ್ಲಿ ಹಿತ್ತಲಿನಿಂದ ಅಜ್ಜಿ ಕೂಗಿದಳು. “ಧನೂ, ಬಳಿ ತಾರವಾ!”

ಧನಶ್ರೀ ಕಾಲೆಳೆಯುತ್ತ ಹೋಗಿ ಬಳೆ ಕೊಟ್ಟಳು.

“ಏನಂತು ನಿಮ್ಮ ಮಷೀನು?”

ಧನಶ್ರೀ ಕೈಯಲ್ಲಿದ್ದ ಬನ್ನಿ ಎಲೆಯನ್ನು ಅಜ್ಜಿಯ ಅಂಗೈಯಲ್ಲಿಟ್ಟಳು. “ಬಂಗಾರ ತಗೊಂಡು ಬಂಗಾರದಂಗ ಇರೋಣ, ಅಜ್ಜಿ.”

ಅಜ್ಜಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಎಲೆಯನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಸಿಕ್ಕಿಸಿಕೊಂಡಳು.

ನಲ್ಲಿಯ ಹತ್ತಿರ ಹಿತ್ತಾಳೆಯ ದೀಪದ ಸಮೆ, ತಂಬಿಗೆ, ಆರತಿ ತಟ್ಟೆ ಸಾಲಾಗಿದ್ದವು. ಬಟ್ಟಲಲ್ಲಿ ಹುಣಸೆಹಣ್ಣು ನೆನೆದಿತ್ತು. ಅಜ್ಜಿ ಬಳೆಯನ್ನೂ ಅವುಗಳ ಪಕ್ಕದಲ್ಲೇ ಇಟ್ಟು, ಹುಣಸೆಹಣ್ಣು ಹಿಂಡಿ, ಮೆಲ್ಲಗೆ ತಿಕ್ಕತೊಡಗಿದಳು.

ಧನಶ್ರೀ ಬೆಚ್ಚಿ ನಿಂತಳು. ಪ್ರತಿ ಹಬ್ಬಕ್ಕೂ ಅಜ್ಜಿ ಹೀಗೇ ಮಾಡುತ್ತಿದ್ದಳು. ಕಿವಿಯ ಬಂಗಾರದ ಬೆಂಡೋಲೆಗೆ ಮಾತ್ರ ಒಂದು ದಿನವೂ ಹುಣಸೆಹಣ್ಣು ಹಚ್ಚಿದ್ದಿಲ್ಲ.

ಅವಳು ಅಜ್ಜಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು.

“ಇಲ್ಲಿ ಕೊಡು ಅಜ್ಜಿ. ನನ್ನ ಬಳಿ ನಾನೇ ತಿಕ್ತೀನಿ.”