ಎಡೆ ಮುಗಿಯುವ ತನಕ

ಬಾಗಿಲು ತೆರೆದ ಸುವರ್ಣಾ ಹೊಸ್ತಿಲಲ್ಲೇ ನಿಂತುಬಿಟ್ಟಳು.

ಒಳಗೆ ಬಾಳೆಲೆಯ ಮುಂದೆ ಒಬ್ಬ ಯುವಕ ಕುಳಿತು ಊಟ ಮಾಡುತ್ತಿದ್ದ. ಮೈಮೇಲೆ ಹೊಸ ನೀಲಿ ಚೆಕ್ಸ್ ಶರ್ಟು, ಕಾಲರಿನ ಪಿನ್ನುಗಳನ್ನೂ ತೆಗೆದಿರಲಿಲ್ಲ. ಎಲೆಯ ಅಂಚಿನಲ್ಲಿ ಈರುಳ್ಳಿ ಚೂರು ಮುಚ್ಚಿದ ಏನೋ ಒಂದು ತುಂಡು. ಬಾಯಿಗೆ ಹೋಗುತ್ತಿದ್ದ ಮುದ್ದೆಯ ತುತ್ತು ಅರ್ಧದಲ್ಲೇ ನಿಂತಿತು.

ಇಬ್ಬರ ಕಣ್ಣೂ ಸೇರಿದವು.

"ನಾನು... ನಿಮಗೆ ಕಾಣ್ತಾ ಇದೀನಾ?"

ಇದೆಂಥ ಪ್ರಶ್ನೆ! ಸುವರ್ಣಾಗೆ ನಗು ಬಂತು. ವಿಜಯನಗರದ ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡುವವಳು ಅವಳು. ಅವಳನ್ನೇ ಕಾಣುತ್ತದೆಯೇ ಎಂದು ಕೇಳುವುದೇ?

"ಕಾಣ್ದ ಏನ್ರಿ? ಹೊರಗ ಮಂದಿ ಎಲ್ಲಾ ಹಸ್ಕೊಂಡು ಕುಂತಾರ, ನೀವೊಬ್ಬರ ಇಲ್ಲಿ ಕದ್ದು ಉಣ್ಣಾಕತ್ತೀರಿ!"

ಅವನು ನಗಲಿಲ್ಲ. ಅವನ ಮುಖ ಬಿಳಿಚಿಕೊಂಡಿತು.

"ಬಾಗಿಲು ಹಾಕ್ರೀ! ಬೇಗ... ದಮ್ಮಯ್ಯ, ಹಾಕಿ!"

ಆ ದನಿಗೆ ಬೆದರಿ ಅವಳು ಬಾಗಿಲನ್ನು ಎಳೆದುಕೊಂಡಳು. 

ಅಂದು ಮಹಾಲಯ ಅಮಾವಾಸ್ಯೆ. ಬಾಗಲಕೋಟೆ ಕಡೆಯಿಂದ ಬಂದು ಅನ್ನಪೂರ್ಣೇಶ್ವರಿ ನಗರದಲ್ಲಿ ಬಾಡಿಗೆಗೆ ಇಳಿದು ಸುವರ್ಣಾಗೆ ತಿಂಗಳೂ ತುಂಬಿರಲಿಲ್ಲ. ಪಕ್ಕದ ದೊಡ್ಡ ಮನೆಯ ಲಿಂಗಮ್ಮ, "ಒಬ್ಬಳೇ ಇರ್ತೀಯ, ಹಬ್ಬದ ಊಟಕ್ಕೆ ಬಾರವ್ವ" ಎಂದು ಕಾಂಪೌಂಡಿನ ಮೇಲಿಂದಲೇ ಕರೆದಿದ್ದರು. ಬರಿಗೈಲಿ ಹೋಗಬಾರದೆಂದು ಅವಳು ಜೋಳದ ರೊಟ್ಟಿ ಬಡಿದು ತಂದಿದ್ದಳು. ಹಿತ್ತಲಲ್ಲಿ ಕೈ ತೊಳೆದು ಬಂದವಳು, ಮುಚ್ಚಿದ ಕೋಣೆಯನ್ನು ಅಡುಗೆಮನೆ ಎಂದುಕೊಂಡು ತೆರೆದಿದ್ದಳು, ಅಷ್ಟೇ.

ಹಾಲಿಗೆ ಬಂದಾಗ ನೆಂಟರೊಬ್ಬರು ಪಿಸುಗುಟ್ಟಿದರು. "ಸದ್ದು ಮಾಡ್ಬೇಡಮ್ಮ. ಒಳಗೆ ಹಿರಿಯರಿಗೆ ಎಡೆ ಇಟ್ಟು ಬಾಗಿಲು ಹಾಕಿದೀವಿ. ಅವ್ರು ಬಂದು ಉಂಡು ಹೋಗೋ ತನಕ ಯಾರೂ ತೆಗೀಬಾರ್ದು."

ಸುವರ್ಣಾಳ ಕೈಯಲ್ಲಿದ್ದ ರೊಟ್ಟಿಯ ಗಂಟು ಜಾರಿತು. ಅವಳ ಮನೆಯಲ್ಲಿ ಎಡೆಯ ಮುಂದೆ ಬಾಗಿಲು ಹಾಕುವ ಪದ್ಧತಿಯೇ ಇರಲಿಲ್ಲ...

ಸ್ವಲ್ಪ ಹೊತ್ತಿಗೆ ಲಿಂಗಮ್ಮ ಎರಡು ಸಲ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋದರು. ಮರುಕ್ಷಣವೇ ಅವರ ಅಳು ಕೇಳಿಸಿತು.

ಸುವರ್ಣಾ ಇಣುಕಿದಳು. ಯಾರೂ ಇರಲಿಲ್ಲ! ಎಲೆಯ ಮೇಲೆ ಮುದ್ದೆ ಮುರಿದಿತ್ತು. ನೀಲಿ ಚೆಕ್ಸ್ ಶರ್ಟು ಅಂಗಡಿಯ ಮಡಿಕೆಯಲ್ಲೇ ಪಕ್ಕದಲ್ಲಿತ್ತು. ಗೋಡೆಯ ಮೇಲೆ, ಸೇವಂತಿಗೆ ಹಾರದ ನಡುವೆ, ಅದೇ ಮುಖ.

"ಈಲಿ ಮುಟ್ಟಿಲ್ಲ ನನ್ನ ಮಗ..." ಲಿಂಗಮ್ಮ ನೆಲಕ್ಕೆ ಕುಸಿದಿದ್ದರು. "ಕೋಳಿ ಈಲಿ, ಆ ಲಿವರ್ ತುಂಡು ಅಂದ್ರೆ ಪ್ರಾಣ ಬಿಡ್ತಿದ್ದ. ಅವತ್ತು ನಾನು ಬೈದೆ ಅಂತ ಅರ್ಧ ಊಟಕ್ಕೆ ಎದ್ದು ಬೈಕ್ ಹತ್ತಿದ, ಮಾಗಡಿ ರೋಡಲ್ಲಿ ಬಿದ್ದ... ಇವತ್ತೂ ಹಾಗೇ ಎದ್ದು ಹೋದ್ನಲ್ಲಪ್ಪ! ನನ್ನ ಮೇಲೆ ಕೋಪ ಇನ್ನೂ ಹೋಗಿಲ್ಲ ಅವನಿಗೆ!"

ಬೆಕ್ಕು ಬಂದಿರಬೇಕು ಎಂದು ನೆಂಟರು ಸಮಾಧಾನ ಮಾಡಿದರು. 'ಬಾಗಿಲು ತೆಗೆದವಳು ನಾನು' ಎಂಬ ಮಾತು ಸುವರ್ಣಾಳ ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಊಟ ಮಾಡಿದ ಶಾಸ್ತ್ರ ಮಾಡಿ ಮನೆಗೆ ಓಡಿಬಂದಳು.

*

ಮರುದಿನ ಬೆಳಿಗ್ಗೆ ಬಟ್ಟೆ ಒಣಹಾಕಲು ಟೆರೇಸಿಗೆ ಹೋದಾಗ, ಪಕ್ಕದ ಟೆರೇಸಿನ ನೀರಿನ ಟ್ಯಾಂಕಿಗೆ ಒರಗಿ ಅವನು ನಿಂತಿದ್ದ.

ಸುವರ್ಣಾಳ ಕೈಯಿಂದ ಬಕೆಟ್ಟು ಬಿತ್ತು.

"ಕಿರುಚಬೇಡಿ. ನಾನು ಚನ್ನಕೇಶವ. ಅಮ್ಮ ಚನ್ನ ಅಂತಾರೆ. ಟೈಲ್ಸ್ ಅಂಗಡಿ ಇತ್ತು ನಂದು. ಎರಡು ವರ್ಷ ಆಯ್ತು... ಹೋಗಿ."

"ನೀವು... ದೆವ್ವ ಏನ್ರಿ?"

"ಆಗ್ಬಾರ್ದು ಅಂತಾನೇ ಒದ್ದಾಡ್ತಾ ಇದೀನಿ." ಅವನ ತುಟಿ ಒಣಗಿತ್ತು. "ಎಡೆ ಪೂರ್ತಿ ಉಂಡ್ರೆ ವಾಪಸ್ ಹೋಗೋ ದಾರಿ ತೆರೆಯುತ್ತೆ. ಪ್ರತಿ ಮಹಾಲಯಕ್ಕೆ ಬಂದು ಹೋಗ್ಬಹುದು. ಮಧ್ಯದಲ್ಲಿ ಬಾಗಿಲು ತೆಗೆದ್ರೆ ದಾರಿ ಮುಚ್ಚಿಬಿಡುತ್ತೆ. ಈಗ ದೀಪಾವಳಿ ಅಮಾವಾಸ್ಯೆ ಒಳಗೆ ಇನ್ನೊಂದು ಎಡೆ ಇಡಬೇಕು. ಇಲ್ಲಾಂದ್ರೆ ಅಲ್ಲಿಗೂ ಇಲ್ಲ, ಇಲ್ಲಿಗೂ ಇಲ್ಲ. ಆಮೇಲೆ ಅಮ್ಮ ಎಷ್ಟು ಕರೆದ್ರೂ ನನಗೆ ಕೇಳ್ಸಲ್ಲ."

"ಅಯ್ಯೋ ದೇವ್ರೇ... ನಂಗ ಗೊತ್ತಿರ್ಲಿಲ್ರಿ! ಖರೇನ ಗೊತ್ತಿರ್ಲಿಲ್ಲ!"

"ಗೊತ್ತು. ನಿಮ್ಮನ್ನ ಬೈಯೋಕೆ ಬಂದಿಲ್ಲ. ಅಮ್ಮನಿಗೆ ನಾನು ಕಾಣಲ್ಲ, ಬಾಗಿಲು ತೆಗೆದ ನಿಮಗೆ ಮಾತ್ರ ಕಾಣೋದು. ನೀವೇ ಹೇಳ್ಬೇಕು. ಹೇಳ್ತೀರಲ್ವಾ?"

"ಹೇಳ್ತೇನ್ರಿ. ಇವತ್ತ ಹೇಳ್ತೇನಿ."

ಹೇಳಲಿಲ್ಲ. ಮೊದಲ ದಿನ ಹೆದರಿಕೆಯಿಂದ. ಮಗನ ಎಡೆ ಕೆಡಿಸಿದವಳನ್ನು ಯಾವ ತಾಯಿ ಬಿಟ್ಟಾಳು? ನಾಳೆ ಹೇಳಿದರಾಯಿತು ಎಂದುಕೊಂಡಳು.

ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ನಾಳೆ ನಾಳೆ ಎನ್ನುತ್ತಲೇ ಸುವರ್ಣಾ ಅವನಿಗೆ ಹತ್ತಿರವಾಗಿಬಿಟ್ಟಳು. ದಿನಾ ಕೆಲಸದಿಂದ ಬಂದವಳೇ ಟೆರೇಸಿಗೆ ಹೋಗುವುದು, ಗೋಡೆಯ ಈ ಕಡೆ ಅವಳು, ಆ ಕಡೆ ಅವನು. ಅವಳ 'ಹೋಗಾಕತ್ತೀನಿ'ಯನ್ನು ಅವನು ಅಣಕಿಸುತ್ತಿದ್ದ. ಅವನ 'ಕಣ್ರೀ'ಗೆ ಅವಳು ನಗುತ್ತಿದ್ದಳು. ಕೆಲಸಕ್ಕೆಂದು ಈ ಊರಿಗೆ ಬಂದ ಮೇಲೆ, 'ಊಟ ಆಯ್ತಾ' ಎಂದು ಉತ್ತರಕ್ಕಾಗಿ ಕಾದು ಕೇಳಿದವನು ಅವನೊಬ್ಬನೇ.

ಹಾಗೆ ಕೇಳುವವನೇ ಹಸಿದಿದ್ದ.

ಒಮ್ಮೆ ಅವಳು ರೊಟ್ಟಿ, ಎಣ್ಣೆಗಾಯಿ ಇಟ್ಟು ತಟ್ಟೆಯನ್ನು ಗೋಡೆಯ ಮೇಲೆ ಸರಿಸಿದಳು. ಅವನ ಬೆರಳು ರೊಟ್ಟಿಯೊಳಗಿಂದ ತೂರಿ ಹೋಯಿತು.

"ನನ್ನ ಹೆಸರಲ್ಲಿ, ನಮ್ಮ ಮನೇಲಿ ಇಟ್ಟಿದ್ದು ಮಾತ್ರ ಕಣ್ರೀ," ಎಂದ. ಕತ್ತನ್ನು ಅತ್ತಿತ್ತ ಹೊರಳಿಸಿದ. "ಈ ಪಿನ್ನು ಬೇರೆ... ಅಮ್ಮ ಶರ್ಟಿನ ಪಿನ್ ತೆಗೀದೇ ಇಟ್ಟಿದ್ದಾರೆ. ಚುಚ್ಚುತ್ತೆ."

ಅವಳು ಕೈ ಚಾಚಿದಳು. ತಣ್ಣನೆಯ ಗಾಳಿ ಸೋಕಿತು, ಅಷ್ಟೇ. ಇಷ್ಟು ಹತ್ತಿರ ನಿಂತವನ ಕತ್ತಿನ ಒಂದು ಪಿನ್ನು ತೆಗೆಯಲೂ ಆಗದೆ ಸುವರ್ಣಾಗೆ ಅಳು ಬಂತು.

"ಅಮ್ಮ ಏನಂದ್ರು?" ಅವನು ಮೆಲ್ಲಗೆ ಕೇಳಿದ. "ಹೇಳಿದ್ರಲ್ವಾ?"

ಎಡೆ ಇಟ್ಟರೆ ಇವನು ಹೋಗುತ್ತಾನೆ... ಈ ಟೆರೇಸು ಖಾಲಿಯಾಗುತ್ತದೆ...

"ಹೇಳೇನ್ರಿ," ಎಂದಳು ಸುವರ್ಣಾ. "ದೀಪಾವಳಿಗೆ ಇಡ್ತೇನಿ ಅಂದಾರ."

ಅವನು ಮೊದಲ ಬಾರಿ ಮನಬಿಚ್ಚಿ ನಕ್ಕ. ಆ ನಗು ನೋಡಿ ಅವಳಿಗೆ ಸತ್ತುಹೋಗುವಷ್ಟು ನಾಚಿಕೆಯಾಯಿತು. ಹಸಿದವನ ಅನ್ನಕ್ಕೆ ಅಡ್ಡ ನಿಲ್ಲುವುದು ಪಾಪವೆಂದು ಅವಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೂ ಸುಳ್ಳು ಹೇಳಿದಳು.

ದಿನ ಕಳೆದಂತೆ ಅವನು ಮಸುಕಾಗತೊಡಗಿದ. ಶರ್ಟಿನ ನೀಲಿ ಬಿಳಿಚಿತು. ಬೆನ್ನ ಹಿಂದಿನ ಟ್ಯಾಂಕು ಅವನ ಮೈಯೊಳಗಿಂದ ಕಾಣುತ್ತಿತ್ತು. ಮಾತು ಮಧ್ಯೆ ಮಧ್ಯೆ ನಿಂತುಹೋಗುತ್ತಿತ್ತು. ಇಂದು ಹೇಳಲೇಬೇಕು ಎಂದು ಪ್ರತಿ ಬೆಳಿಗ್ಗೆ ಏಳುವಳು, ಪ್ರತಿ ಸಂಜೆ ಅವನ ಮುಖ ಕಂಡು ಸುಮ್ಮನಾಗುವಳು.

ಹಬ್ಬ ಹತ್ತಿರವಾದಾಗ ಒಂದು ಸಂಜೆ ಲಿಂಗಮ್ಮನೇ ಹಪ್ಪಳ ತೆಗೆಯಲು ಟೆರೇಸಿಗೆ ಬಂದರು. ಅವರ ಹಿಂದೆಯೇ ಮಗ ನಿಂತಿದ್ದ. ಅವರಿಗದು ತಿಳಿಯದು.

"ದೀಪಾವಳಿಗೆ ಊರಿಗೆ ಹೋಗಲ್ವೇನವ್ವ?"

"ಇಲ್ಲ ಆಂಟಿ. ನೀವು... ಹಬ್ಬ?"

"ನಮಗೆಂಥ ಹಬ್ಬ ಬಿಡು. ಇನ್ನು ಎಡೆ ಗಿಡೆ ಏನೂ ಇಡಲ್ಲ ನಾನು. ನಾನಿಟ್ಟ ಅನ್ನ ಅವನಿಗೆ ಬೇಡ ಅಂದ್ಮೇಲೆ ಯಾಕೆ ಕರೆದು ಹಿಂಸೆ ಕೊಡ್ಲಿ?" ಸೆರಗಿನಿಂದ ಕಣ್ಣೊರೆಸಿಕೊಂಡು ಅವರು ಕೆಳಗಿಳಿದರು.

ಚನ್ನಕೇಶವ ಸುವರ್ಣಾಳನ್ನೇ ನೋಡುತ್ತಿದ್ದ.

"ಹೇಳೇ ಇಲ್ವಾ ನೀವು?"

"ಚನ್ನಕೇಶವ ಅವ್ರೇ, ನಾ ಹೇಳೂದು ಕೇಳ್ರಿ..."

"ನಾನು ಹಸಿದಿರೋದು ಬಿಡಿ. ನಮ್ಮಮ್ಮ ದಿನಾ ಅಳ್ತಾ ಇದ್ದಾಳಲ್ರೀ! ನಾನು ಕೋಪ ಮಾಡ್ಕೊಂಡಿದೀನಿ ಅಂತ ಎದೆ ಬಡ್ಕೊಳ್ತಾ ಇದ್ದಾಳೆ! ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಮಗೆ? ಯಾಕೆ?"

'ನೀವು ಹೋಗಬಾರದೆಂದು' ಎನ್ನಲಾರದೆ ಅವಳು ತಲೆ ತಗ್ಗಿಸಿದಳು.

"ನಂಬಿದ್ದೆ ಕಣ್ರೀ ನಿಮ್ಮನ್ನ," ಎಂದ ಅವನು. ಮರುಕ್ಷಣ ಅಲ್ಲಿ ಟ್ಯಾಂಕು ಮಾತ್ರ ಇತ್ತು.

*

ಆಮೇಲೆ ಅವನು ಕಾಣಲಿಲ್ಲ. ಸುವರ್ಣಾ ಕರೆದಳು, ಅತ್ತಳು, ಗೋಡೆಗೆ ಹಣೆ ಇಟ್ಟು ಬೇಡಿಕೊಂಡಳು. ಅಂಗಡಿಯಲ್ಲಿ ಯಾರದೋ ಕಣ್ಣಿಗೆ ಯಾರದೋ ಗಾಜು ಕೊಟ್ಟು ಬೈಸಿಕೊಂಡಳು.

ಆಗಲೇ ಕರಗಿ ಹೋದನೇ? ತಾನೇ ಕೊಂದಳೇ... ಸತ್ತವನನ್ನು ಇನ್ನೊಮ್ಮೆ?

ದೀಪಾವಳಿ ಅಮಾವಾಸ್ಯೆ ಬಂದೇಬಿಟ್ಟಿತು. ಬೀದಿ ತುಂಬ ಪಟಾಕಿಯ ಹೊಗೆ. ಮಧ್ಯಾಹ್ನ ಸುವರ್ಣಾ ನೇರ ಲಿಂಗಮ್ಮನ ಮನೆಗೆ ಹೋಗಿ ಅವರ ಕಾಲಿನ ಬಳಿ ಕುಳಿತಳು. ಈ ಸಲ ಆಂಟಿ ಎನ್ನಲಿಲ್ಲ.

"ಅವ್ವಾ, ನಿಮ್ಮ ಮಗ ಸಿಟ್ಟಿಗೆ ಎದ್ದು ಹೋಗಿಲ್ಲ. ನಾ ಬಾಗಲಾ ತಗದೆ. ಅದಕ್ಕ ಅರ್ಧಕ್ಕ ಎದ್ರು. ನಾ ಅವರನ್ನ ನೋಡೇನಿ ಅವ್ವಾ..."

ಲಿಂಗಮ್ಮನ ಮುಖ ಕಲ್ಲಾಯಿತು. "ಏನಂದೆ? ಸತ್ತವನ ಹೆಸರಲ್ಲಿ ನಾಟಕ ಆಡ್ತೀಯಾ? ಏಳು ಮೇಲೆ. ಆಚೆ ನಡಿ!"

"ನಾಟಕ ಅಲ್ಲವ್ವಾ! ಈಲಿ ಅವರು ಬಿಟ್ಟಿರ್ಲಿಲ್ಲ. ಎಲಿ ಅಂಚಿಗೆ ಸರಿಸಿ ಇಟ್ಕೊಂಡಿದ್ರು, ಮ್ಯಾಲ ಒಂದು ಈರುಳ್ಳಿ ಚೂರು ಮುಚ್ಚಿ. ನನ್ನ ಕಣ್ಣಾರೆ ನೋಡೇನಿ. ಕಡೀಗೆ ತಿನ್ನಾಕ ಇಟ್ಕೊಂಡಿದ್ರವ್ವಾ!"

ಲಿಂಗಮ್ಮನ ಬಾಯಿ ತೆರೆದಂತೆಯೇ ಉಳಿಯಿತು. ಅಂದು ಎಲೆ ಎತ್ತಿದವರು ಅವರು. ಈರುಳ್ಳಿಯ ಚೂರನ್ನು ಕಂಡವರೂ ಅವರೊಬ್ಬರೇ; ಅಳುವಿನಲ್ಲಿ ಅದರ ಅರ್ಥ ಹೊಳೆದಿರಲಿಲ್ಲ.

"ಅವರಪ್ಪ ಕಿತ್ಕೊಂಡು ತಿಂತಾರೆ ಅಂತ... ಚಿಕ್ಕೋನಿದ್ದಾಗಿಂದ ಈರುಳ್ಳಿ ಮುಚ್ಚಿ ಬಚ್ಚಿಡೋನು..." ಅವರ ದನಿ ಒಡೆಯಿತು. "ಕೋಪ ಇರ್ಲಿಲ್ವಾ? ನನ್ನ ಚನ್ನನಿಗೆ ನನ್ನ ಮೇಲೆ ಕೋಪ ಇರ್ಲಿಲ್ವಾ?"

"ಇಲ್ಲವ್ವಾ. ಹಸಿವಿತ್ತು ಅಷ್ಟ. ಎಲ್ಲಾ ನಂದ ತಪ್ಪು. ಹೆದರಿ ಹೇಳ್ಲಿಲ್ಲ. ಆಮ್ಯಾಲ... ಅವರು ಹೋಗಿಬಿಡ್ತಾರಂತ ಹೇಳ್ಲಿಲ್ಲ."

ಲಿಂಗಮ್ಮ ಬಹಳ ಹೊತ್ತು ಅವಳನ್ನು ನೋಡಿದರು. ಕೈ ಎತ್ತಿದರು. ಹೊಡೆಯುತ್ತಾರೆಂದು ಸುವರ್ಣಾ ಕಣ್ಣು ಮುಚ್ಚಿದಳು. ಆ ಕೈ ಅವಳ ತಲೆಯ ಮೇಲೆ ಬಂದು ನಿಂತಿತು.

"ಏಳು. ಮಸಾಲೆ ರುಬ್ಬು. ಲಕ್ಷ್ಮಿ ಪೂಜೆ ದಿನ ಕೋಳಿ ಕುಯ್ತಾಳೆ ಅಂತ ಬೀದಿಯೋರು ಆಡ್ಕೊಂಡ್ರೆ ಆಡ್ಕೊಳ್ಲಿ."

*

ದೀಪ ಹಚ್ಚುವ ಹೊತ್ತಿಗೆ ಎಲೆ ಸಿದ್ಧವಾಯಿತು. ಮುದ್ದೆ, ಕೋಳಿ ಸಾರು, ಕಜ್ಜಾಯ, ಈಲಿಯ ತುಂಡು, ಈರುಳ್ಳಿ. ಲಿಂಗಮ್ಮನ ಒಪ್ಪಿಗೆ ಪಡೆದು ಸುವರ್ಣಾ ಒಂದು ಜೋಳದ ರೊಟ್ಟಿಯನ್ನೂ ಇಟ್ಟಳು. ಬೀರುವಿನಿಂದ ಅದೇ ನೀಲಿ ಶರ್ಟು ಹೊರಬಂತು. ಸುವರ್ಣಾ ಅದರ ಪಿನ್ನುಗಳನ್ನು ಒಂದೊಂದಾಗಿ ಕಿತ್ತಳು.

ಬಾಗಿಲು ಮುಚ್ಚಿದರು.

"ಅವತ್ತು ತೆಗ್ದೋಳು ನೀನೇ. ಇವತ್ತು ಕಾಯೋಳೂ ನೀನೇ," ಎಂದು ಹೇಳಿ ಲಿಂಗಮ್ಮ ಜಗಲಿಗೆ ಹೋಗಿ ಕುಳಿತರು.

ಸುವರ್ಣಾ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಒಳಗೆ ಸದ್ದಿಲ್ಲ. ಹೊರಗೆ ಸರಪಟಾಕಿ ಸಿಡಿದು ನಿಂತಿತು. ಆಗಲೂ ಸದ್ದಿಲ್ಲ. ಅವನಿಗೆ ಕರೆ ಕೇಳಿಸಲೇ ಇಲ್ಲವೇನೋ... ತಡವಾಯಿತೇನೋ...

"ಬರ್ರಿ," ಅವಳು ಬಿಕ್ಕಿದಳು. "ನನ್ನ ಮುಖ ನೋಡಬ್ಯಾಡ್ರಿ, ನನ್ನ ಜೋಡಿ ಮಾತಾಡಬ್ಯಾಡ್ರಿ. ಉಂಡು ಹೋಗ್ರಿ. ನಿಮ್ಮ ಕಾಲಿಗೆ ಬೀಳ್ತೇನಿ... ಉಂಡರ ಹೋಗ್ರಿ!"

 ಅವಳು ಮೊಣಕಾಲಿನಲ್ಲಿ ಮುಖ ಹುದುಗಿಸಿದಳು.

ಆಗ ಒಳಗೆ ಬಾಳೆಲೆ ಸರಿದ ಸದ್ದು.

"ಪಿನ್ ತೆಗ್ದಿದ್ದು ನೀವೇನಾ?"

ಸುವರ್ಣಾ ಬಾಯಿಗೆ ಸೆರಗು ತುರುಕಿಕೊಂಡಳು. ಜೋರಾಗಿ ಅತ್ತರೆ ಆ ದನಿ ಹೋಗಿಬಿಟ್ಟರೆ?

"ಹೂಂ ರೀ."

"ಈಗ ಚುಚ್ತಾ ಇಲ್ಲ." ಸ್ವಲ್ಪ ಹೊತ್ತು ಬರೀ ಊಟದ ಸದ್ದು. "ಮಧ್ಯಾಹ್ನ ಅಮ್ಮನ ಹತ್ರ ಹೇಳಿದ್ದು ಕೇಳಿಸ್ಕೊಂಡೆ. ಬಾಗಿಲ ಹಿಂದೆನೇ ಇದ್ದೆ. ಕಾಣೋ ಅಷ್ಟು ಶಕ್ತಿ ಇರ್ಲಿಲ್ಲ."

"ಹಂಗಾರ... ಎಲ್ಲಾ ಕೇಳಿದ್ರಿ?"

"ನಾನು ಹೋಗಿಬಿಡ್ತೀನಿ ಅಂತ ಹೇಳ್ಲಿಲ್ಲ ಅಂದ್ರಲ್ಲ, ಅದನ್ನೂ ಕೇಳಿದೆ."

"ತಪ್ಪಾತ್ರಿ. ನಿಮ್ಮ ಮ್ಯಾಲ ಜೀವ ಇಟ್ಕೊಂಡು ನಿಮ್ಮನ್ನ ಉಪವಾಸ ಕೆಡವಿದೆ. ಇಂಥ ಪ್ರೀತಿ ಯಾರಿಗೆ ಬೇಕ್ರಿ?"

"ನನಗೆ," ಎಂದ ಅವನು. "ಅವತ್ತು ಅಷ್ಟು ಸಿಟ್ಟು ಯಾಕೆ ಬಂತು ಗೊತ್ತಾ? ಅಮ್ಮ ಎಡೆ ಇಡ್ತಾರೆ ಅಂದಿದ್ದು ನಿಜ ಅಲ್ಲ ಅಂತ ನನಗೂ ಒಳಗೆಲ್ಲೋ ಗೊತ್ತಿತ್ತು. ಆದ್ರೂ ಸುಮ್ನಿದ್ದೆ. ಹಸಿವಿಗಿಂತ ನಿಮ್ಮ ಜೊತೆ ಸಂಜೆ ಕೂರೋದೇ ಹೆಚ್ಚಾಗಿತ್ತು ನನಗೂ. ಅಮ್ಮ ಅತ್ತಿದ್ದು ನೋಡಿ ನಾಚಿಕೆ ಆಯ್ತು, ನಿಮ್ಮ ಮೇಲೆ ಹಾಕ್ದೆ."

ಅವಳು ತಿರುಗಿ ಬಾಗಿಲಿಗೆ ಕೆನ್ನೆ ಒತ್ತಿದಳು. ನಡುವೆ ಒಂದು ಹಳೆಯ ಹಲಸಿನ ಮರದ ಬಾಗಿಲು ಮಾತ್ರ.

"ರೊಟ್ಟಿ ಚೆನ್ನಾಗಿದೆ ಕಣ್ರೀ. ಇನ್ಮೇಲೆ ಪ್ರತಿ ಮಹಾಲಯಕ್ಕೂ ಬರೋಕೆ ಆಗುತ್ತೆ ನನಗೆ. ನೀವು ಇಲ್ಲೇ ಇರ್ಬೇಕು ಅಂತ ಕೇಳೋ ಹಕ್ಕು ನನಗಿಲ್ಲ. ಮದ್ವೆ ಆಗಿ, ಮಕ್ಕಳಾಗಿ..."

"ನನ್ನ ಮುಂದಿಂದು ನನಗ ಬಿಡ್ರಿ. ಮುಂದಿನ ಮಹಾಲಯಕ್ಕ ರೊಟ್ಟಿ ಬಡಿಯೂದಂತೂ ನಾನ."

ಅವನು ನಕ್ಕಿದ್ದು ಕೇಳಿಸಿತು. ಜಗಲಿಯಿಂದ ಲಿಂಗಮ್ಮನ ಕೆಮ್ಮು ಬಂತು, ಎರಡು ಸಲ. ಸುವರ್ಣಾ ಎದ್ದು ನಿಂತಳು. 

"ಅವ್ವ ಬರಾಕತ್ತಾರ. ಬಾಗಲಾ... ತಗೀಲೇನ್ರಿ?"

"ಈಲಿ ಇನ್ನೂ ಇದೆ."

ಸುವರ್ಣಾ ಎರಡೂ ಅಂಗೈಗಳನ್ನು ಬಾಗಿಲಿಗೆ ಒತ್ತಿ ನಿಂತಳು. ಒಳಗಿನಿಂದಲೂ ಅದೇ ಜಾಗದಲ್ಲಿ ಏನೋ ಒತ್ತಿದಂತಾಯಿತು.

"ಸಾವಕಾಶ ತಿನ್ರಿ," ಎಂದಳು. "ನೀವು ಹೇಳೂ ತನಕ ನಾ ತಗ್ಯಂಗಿಲ್ಲ."