ಇಬ್ಬನಿಯ ಕೊನೆಯ ಹಾಳೆ

"ಹನ್ನೊಂದು ಹೆಸರಿಗೆ ಅರ್ಥ ಹೇಳಿದ್ಯಲ್ಲಪ್ಪ, ಇದೊಂದಕ್ಕೆ ಯಾಕೆ ಬಾಯಿಗೆ ಬೀಗ?"

ಹುಡುಗಿ ಚಾರ್ಟನ್ನು ನೆಲದ ಮೇಲೆ ಹರಡಿ, ಮೊಣಕೈಯಲ್ಲಿ ಒತ್ತಿ ಹಿಡಿದಿದ್ದಳು. 'ಕಾರ್ಟೂನ್ ಸಿನಿಮಾದ ಹೆಸರುಗಳು ಮತ್ತು ಅರ್ಥ' ಎಂಬುದು ಶಾಲೆಯ ಪ್ರಾಜೆಕ್ಟು. ಪ್ರಾಜೆಕ್ಟು ಮಕ್ಕಳದು, ಪೇಚಾಟ ಮನೆಯವರದು. ಆದರೆ ಇವಳಿಗೇನು ಕಷ್ಟ? ಅಪ್ಪ ಕಾರ್ಟೂನ್ ಸಿನಿಮಾಕ್ಕೆ ಚಿತ್ರ ಬರೆಯುವವನು.

ಅವನ ಹೊಸ ಸಿನಿಮಾದ ನಾಯಿಯ ಹೆಸರು ಬಾಣ. ಬಿಟ್ಟರೆ ಹಿಂದೆ ತಿರುಗಿ ನೋಡುವುದಿಲ್ಲ. ಬುಸುಬುಸು ಎನ್ನುವ ಮುದುಕ ತಿದಿ. ತಿದಿ ಎಂದರೆ ಕುಲುಮೆಗೆ ಗಾಳಿ ಊದುವ ಚೀಲ. "ಹೆಸರಲ್ಲೇ ಕತೆ ಇಟ್ಟಿರಬೇಕು" ಅನ್ನುತ್ತಿದ್ದ ಅಪ್ಪ.

ಹನ್ನೆರಡನೆಯದು ಸಿನಿಮಾದ ಹುಡುಗಿಯ ಹೆಸರು, ಇಬ್ಬನಿ. ಮನೆಯಲ್ಲಿ ಅಪ್ಪ ಇವಳನ್ನು ಕರೆಯುವುದೂ ಹಾಗೆಯೇ.

"ಅದನ್ನ ಬಿಡು. ಪೆನ್ಸಿಲ್ ಖಾಲಿಯಾಗಿದೆ, ತರ್ತೀನಿ" ಎಂದು ಅಪ್ಪ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ನಿನ್ನೆಯಿಂದ ಅವನ ಮುಖ ಗಂಟಿಕ್ಕಿಕೊಂಡೇ ಇತ್ತು. ಕರೆದ ಮೂರು ಸಲಕ್ಕೂ ಇವಳು ಓಗೊಟ್ಟಿರಲಿಲ್ಲ. ಅಷ್ಟಕ್ಕೇ, "ಕರೆದ್ರೆ ಓ ಅನ್ನೋಕೇನು ರೋಗ?" ಎಂದು ಮನೆ ಹಾರಿಹೋಗುವಂತೆ ಕೂಗಾಡಿದ್ದ.

ಪಕ್ಕದ ಬೆಂಚಿನ ಗೆಳತಿ ಹೇಳಿದ್ದು ನೆನಪಾಯಿತು. "ಇಬ್ಬನಿ ಅಂದ್ರೆ ಬಿಸಿಲು ಬಂದ ತಕ್ಷಣ ಮಾಯ ಆಗೋದು ಕಣೇ. ಸಿನಿಮಾದಲ್ಲಿ ಅವ್ಳು ಲಾಸ್ಟಿಗೆ ಮಾಯ ಆಗ್ತಾಳೆ, ಬೆಟ್!" ಆಗ ನಗು ಬಂದಿತ್ತು. ಈಗ ಬರಲಿಲ್ಲ.

ಅವಳು ಅಪ್ಪನ ಕೋಣೆಗೆ ಹೋದಳು. ಗಾಜಿನ ಮೇಜು, ಅದರಡಿಯಲ್ಲಿ ಲೈಟು. ಮೇಲಿನ ಹಾಳೆಯ ಮುಖದೊಳಗೆ ಕೆಳಗಿನ ಹಾಳೆಯ ಮುಖ ಕಾಣುತ್ತಿತ್ತು, ಅದರೊಳಗೆ ಇನ್ನೊಂದು. ಯಾರೋ ನೀರಿನ ಕೆಳಗಿನಿಂದ ನೋಡಿದ ಹಾಗೆ.

ಹಾಳೆಗಳ ಕಟ್ಟನ್ನು ಎತ್ತಿ ಹೆಬ್ಬೆರಳಿನಿಂದ ಸರಸರ ಬಿಟ್ಟಳು. ಮಂಜಿನಲ್ಲಿ ಹುಡುಗಿಯೊಬ್ಬಳು ಓಡಿದಳು, ನಕ್ಕಳು, ನಿಂತಳು, ತಿರುಗಿ ನೋಡಿದಳು. ಇವಳದೇ ಮೂಗು, ಇವಳದೇ ಕಿವಿ! ಆದರೆ ನಕ್ಕಾಗ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಇವಳು ತನ್ನ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ನೋಡಿಕೊಂಡಳು. ನೆಟ್ಟಗಿತ್ತು.

ಆಮೇಲಿನ ಹಾಳೆಗಳಲ್ಲೆಲ್ಲ ಚಿತ್ರದ ಹುಡುಗಿಯ ಬಾಯಿ ದುಂಡಗೆ ತೆರೆದಿತ್ತು. ಏನೋ ಹೇಳುತ್ತಿದ್ದಾಳೆ. ಏನದು? ಮೇಜಿನ ಮೇಲೆ ಕನ್ನಡಿ ಇತ್ತು. ಅಪ್ಪ ಅದರಲ್ಲಿ ತನ್ನ ಬಾಯಿ ನೋಡಿಕೊಂಡೇ ಚಿತ್ರದ ಬಾಯಿ ಬರೆಯುವುದು. ಇವಳೂ ಕನ್ನಡಿಯಲ್ಲಿ ತುಟಿ ದುಂಡಗೆ ಮಾಡಿದಳು. ಬಾಯಿಂದ ತಾನಾಗಿ ಹೊರಟಿತು:

"ಓ..."

ಉಳಿದ ಹಾಳೆಗಳನ್ನೂ ಒಂದೊಂದಾಗಿ ಬಿಟ್ಟಳು. ಹಾಳೆಯಿಂದ ಹಾಳೆಗೆ ಹುಡುಗಿ ತೆಳ್ಳಗಾಗುತ್ತಿದ್ದಳು. ಕೈ ಹೋಯಿತು, ಕಣ್ಣು ಹೋಯಿತು, ಬಾಯಿ ಮಾತ್ರ ಉಳಿಯಿತು. ಕೊನೆಯ ಹಾಳೆ ಬರೀ ಬಿಳಿ.

ನಗುತ್ತಿದ್ದ ಹಾಳೆಯೊಂದನ್ನು ಕಿತ್ತುಕೊಂಡು ಅಜ್ಜಿಯ ಹತ್ತಿರ ಓಡಿದಳು. ಅಜ್ಜಿ ಉಲ್ಲನ್ ಉಂಡೆ ಸುತ್ತುತ್ತಿದ್ದಳು.

"ಅಜ್ಜೀ, ನಾನು ಮಾಯ ಆಗ್ತೀನಾ?"

"ಥೂ, ಬಿಡ್ತು ಅನ್ನು! ಎಂಥ ಮಾತೇ ಅದು?"

ಹಾಳೆ ನೋಡಿದ ಅಜ್ಜಿಯ ಕೈ ನಿಂತಿತು. ಆ ಮುರಿದ ಹಲ್ಲನ್ನು ಬೆರಳಿನಿಂದ ಸವರಿದಳು.

"ಇದು ನೀನಲ್ಲ ಪುಟ್ಟಿ. ನಿಮ್ಮಪ್ಪನ ತಂಗಿ. ಮೆಟ್ಟಿಲಿಂದ ಬಿದ್ದು ಹಲ್ಲು ಮುರ್ಕೊಂಡಿದ್ಲು, ಕೋತಿ ಮುಂಡೇದು."

"ನಂಗೆ ಅತ್ತೆ ಇದ್ರಾ?"

"ನಿನ್ನಷ್ಟೇ ಇದ್ಲು. ಒಂದಿನ ಬೆಳಗ್ಗೆ, ಮಂಜು ಬಿದ್ದಿತ್ತು. ಅಣ್ಣ ತಂಗಿ ಕಣ್ಣಾಮುಚ್ಚಾಲೆ ಆಡೋಕೆ ಹೋದ್ರು. ಇವನು ಹೆಸರು ಹಿಡಿದು ಕರೆದ. ಒಂದ್ಸಲ 'ಓ' ಅಂದ್ಲಂತೆ. ಮತ್ತೆ ಕರೆದ..." ಅಜ್ಜಿ ಉಂಡೆಯಲ್ಲಿ ದಾರದ ತುದಿ ಹುಡುಕತೊಡಗಿದಳು. ತುದಿ ಅವಳ ಕೈಯಲ್ಲೇ ಇತ್ತು. "ಊರೆಲ್ಲ ಹುಡುಕಿದ್ರು. ಸಿಗ್ಲಿಲ್ಲ."

"ಅವರ ಹೆಸ್ರೇನಜ್ಜಿ?"

ಅಜ್ಜಿ ಉಂಡೆಗೆ ದಾರ ಸುತ್ತತೊಡಗಿದಳು. ಅಜ್ಜಿ ಒಂದು ದಿನವೂ ತನ್ನನ್ನು 'ಪುಟ್ಟಿ' ಅಲ್ಲದೆ 'ಇಬ್ಬನಿ' ಎಂದು ಕರೆದಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದದ್ದು.

ಬಾಗಿಲು ಕಿರ್ ಎಂದಿತು. ಚಪ್ಪಲಿ ಬಿಟ್ಟ ಸದ್ದು.

"ಇಬ್ಬನೀ..."

"ಓ!"

ಎಷ್ಟು ಜೋರಾಗಿ ಅಂದಳೆಂದರೆ, ಉಲ್ಲನ್ ಉಂಡೆ ಅಜ್ಜಿಯ ಮಡಿಲಿಂದ ಉರುಳಿ ಮಂಚದ ಕೆಳಗೆ ಹೋಯಿತು.

"ಓ ಅಪ್ಪಾ! ಇಲ್ಲೇ ಇದೀನಿ, ಅಜ್ಜಿ ಹತ್ರ!"

ಅಪ್ಪ ಹೊಸ ಪೆನ್ಸಿಲ್ ಹಿಡಿದು ತನ್ನ ಕೋಣೆಗೆ ಹೋಗಿ, ಬಿಳಿಯಾಗಿದ್ದ ಕೊನೆಯ ಹಾಳೆಯನ್ನು ಮುಂದಕ್ಕೆ ಎಳೆದುಕೊಂಡ. ಆಮೇಲೆ ಹಾಳೆಯ ಮೇಲೆ ಪೆನ್ಸಿಲ್ ಓಡುವ ಸದ್ದು ಶುರುವಾಯಿತು.